ಸುದ್ದಿಮನೆಯ ಕಣ್ಣಲ್ಲಿ ಮುಂಬಯಿಯ ಕುಟುಂಬಗಳು

2017ರ ಡಿಸೆಂಬರ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಹನ್ನೊಂದು ದಿನಗಳ ಅಂತರದಲ್ಲಿ ಎರಡು ಅಗ್ನಿ ದುರಂತಗಳು ಸಂಭವಿಸಿದವು. 18ರ ನಸುಕಿನಲ್ಲಿ ಸಾಕಿನಾಕಾದ ಖೈರಾನಿ ರಸ್ತೆಯ ಫರ್ಸಾಣ್ ಅಂಗಡಿಯೊಂದಕ್ಕೆ ಬೆಂಕಿ ಬಿದ್ದು, ಹಗಲೆಲ್ಲ ದುಡಿದು ಅಲ್ಲಿಯೇ ಮಲಗಿದ್ದ 12 ಮಂದಿ ಕೆಲಸಗಾರರು ಅಸುನೀಗಿದರು. 29ರಂದು ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದಲ್ಲಿ ಕಟ್ಟಡದ ತಾರಸಿಯ ಮೇಲಿದ್ದ ಪಬ್ಬುಗಳಿಗೆ ಬೆಂಕಿ ಹತ್ತಿ 14 ಮಂದಿ ತೀರಿಕೊಂಡರು. ಎರಡೂ ಕಡೆ ಸಾವಿನ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಎರಡೂ ಕಡೆ ಕಾರಣವಾಗಿ ಎದ್ದು ಬಂದ ಮಾತುಗಳು ನಿಯಮಬಾಹಿರ ಕಟ್ಟೋಣ ಮತ್ತು ಪಾಲಿಕೆಯ ಅಲಕ್ಷ್ಯ.

ಆದರೆ ಈ ಎರಡು ಘಟನೆಗಳು ಓದುಗರ ಮನೆ ತಲುಪಿದ ರೀತಿ ಒಂದೇ ಆಗಿರಲಿಲ್ಲ. ಕಮಲಾ ಮಿಲ್ಸಿನಲ್ಲಿ ಮಡಿದವರಲ್ಲಿ ಒಬ್ಬ ಯುವತಿ ಅಂದು ತನ್ನ ಜನ್ಮದಿನವನ್ನು ಆಚರಿಸಿಕೊಳ್ಳಲು ಬಂದಿದ್ದಳೆಂಬುದನ್ನು ದೇಶವೆಲ್ಲ ತಿಳಿಯಿತು. ಅವಳ ಅಜ್ಜ ಏನೆಂದರು, ಯಾವ ಮನೆಯಲ್ಲಿ ಯಾರಿಗಾಗಿ ಯಾರು ಕಾದಿದ್ದರು ಎಂಬ ವಿವರಗಳು ದಿನಗಟ್ಟಲೆ ಪ್ರಕಟವಾದವು. ಸಾಕಿನಾಕಾದ 12 ಮಂದಿಯೂ ಯಾರದೋ ಮಕ್ಕಳು, ಯಾರದೋ ಗಂಡಂದಿರು. ಆದರೆ ನಾವು ಓದಿದ ಮಟ್ಟಿಗೆ ಅವರ ಸುದ್ದಿ ಎರಡು ಮೂರು ದಿನಗಳಲ್ಲಿ ಒಳಪುಟ ಸೇರಿತು. ಅನಂತರ ಅದು ಮತ್ತೆ ಕಾಣಿಸಿಕೊಂಡದ್ದು ಬಹುಮಟ್ಟಿಗೆ ಕಮಲಾ ಮಿಲ್ಸಿನ ವರದಿಗಳ ಕೊನೆಯಲ್ಲಿ, 'ಇದೇ ತಿಂಗಳು ನಡೆದ ಇನ್ನೊಂದು ದುರಂತ' ಎಂಬ ಒಂದು ಸಾಲಾಗಿ.

ಇದನ್ನು ಪತ್ರಕರ್ತರ ಹೃದಯಹೀನತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಸರಿಯಾದ ವಿವರಣೆಯಾಗಲಾರದು. ಸುದ್ದಿ ಸಿದ್ಧವಾಗುವ ಕ್ರಮವನ್ನು ನೋಡಬೇಕು. ಆಸ್ಪತ್ರೆಯ ಹೊರಗೆ ವರದಿಗಾರ ನಿಂತಾಗ ಅವನೊಡನೆ ಮಾತನಾಡಲು ಅಲ್ಲಿ ಯಾರಿರುತ್ತಾರೆ? ದಕ್ಷಿಣ ಮುಂಬಯಿಯ ಮನೆಯವರು ಅರ್ಧ ಗಂಟೆಯಲ್ಲಿ ಬಂದು ತಲುಪುತ್ತಾರೆ. ಅವರ ಗೆಳೆಯರ ಬಳಿ ಭಾವಚಿತ್ರಗಳಿರುತ್ತವೆ. ಇಂಗ್ಲಿಷ್, ಹಿಂದಿ, ಮರಾಠಿ ಯಾವುದರಲ್ಲಿ ಕೇಳಿದರೂ ಉತ್ತರ ದೊರೆಯುತ್ತದೆ. ಪರರಾಜ್ಯದ ಹಳ್ಳಿಯಿಂದ ಬಂದ ಕೆಲಸಗಾರನ ಹೆಂಡತಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮರುದಿನದ ಸಂಚಿಕೆ ಅಚ್ಚಾಗಿರುತ್ತದೆ. ಅವನ ಪರವಾಗಿ ಹೆಸರು ಬರೆಸುವವನು ಮುಕಾದಮನೋ ಪಕ್ಕದ ಅಂಗಡಿಯವನೋ ಆಗಿರುತ್ತಾನೆ. ಹೀಗೆ ಒಬ್ಬನಿಗೆ ಕುಟುಂಬವಿರುತ್ತದೆ, ಇನ್ನೊಬ್ಬನಿಗೆ ಪೊಲೀಸರ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆಯಿರುತ್ತದೆ. ಸುದ್ದಿಯಲ್ಲಿನ ವರ್ಗಭೇದ ಬಹಳ ಬಾರಿ ಇಂತಹ ಸಣ್ಣ ಅನುಕೂಲಗಳಿಂದಲೇ ಹುಟ್ಟುತ್ತದೆ. ಹುಟ್ಟಿದ ಮೇಲೆ ಅದನ್ನು ಪೋಷಿಸಲು ಜಾಹೀರಾತು, ಕೊಳ್ಳುವ ಶಕ್ತಿಯುಳ್ಳ ಓದುಗ, ಸಂಪಾದಕೀಯ ಮೇಜಿನ ಅಭಿರುಚಿ, ಇವೆಲ್ಲ ಇದ್ದೇ ಇವೆ.

2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಜನಸಂಖ್ಯೆಯಲ್ಲಿ ಶೇ. 41ಕ್ಕೂ ಹೆಚ್ಚು ಮಂದಿ ಕೊಳೆಗೇರಿಗಳ ನಿವಾಸಿಗಳು, ಅಂದರೆ ಸುಮಾರು 52 ಲಕ್ಷ ಜನ. ನಗರದ ಹತ್ತು ಮಂದಿಯಲ್ಲಿ ನಾಲ್ವರ ಮನೆಬದುಕು ಸುದ್ದಿಯಲ್ಲಿ ಹೇಗೆ ಕಾಣುತ್ತದೆಂಬುದು ಆದ್ದರಿಂದ ಸಣ್ಣ ಪ್ರಶ್ನೆಯಲ್ಲ.

ಮಧ್ಯಮ ವರ್ಗದ ಕುಟುಂಬದಿಂದಲೇ ಆರಂಭಿಸೋಣ. ಏಕೆಂದರೆ ಪತ್ರಿಕೆಗಳು 'ನಾವು' ಎಂದು ಬರೆಯುವಾಗ ಅವರ ಮನಸ್ಸಿನಲ್ಲಿರುವುದು ಅದೇ. ಇದಕ್ಕೆ ರೂಪ ಕೊಟ್ಟವರು ಮೈಸೂರಿನಲ್ಲಿ ಹುಟ್ಟಿ ಬೆಳೆದು ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡ ಆರ್.ಕೆ. ಲಕ್ಷ್ಮಣ್. ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಯಿಂದ 'ಟೈಮ್ಸ್ ಆಫ್ ಇಂಡಿಯಾ'ಕ್ಕೆ ಬಂದ ಅವರು 1951ರಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಬರೆದ ಕಿರು ವ್ಯಂಗ್ಯಚಿತ್ರದಲ್ಲಿ ಚೌಕಳಿ ಕೋಟು, ಧೋತರ, ಕನ್ನಡಕಗಳ 'ಶ್ರೀಸಾಮಾನ್ಯ' ಎಲ್ಲವನ್ನೂ ನೋಡುತ್ತ ಸುಮ್ಮನೆ ನಿಂತಿರುತ್ತಿದ್ದ. ಮಾತನಾಡುತ್ತಿದ್ದವಳು ಅವನ ಹೆಂಡತಿ. ಇಂದು ಅವನ ಪ್ರತಿಮೆ ವರ್ಲಿಯ ಕಡಲ ದಂಡೆಯಲ್ಲಿದೆ. ಬೆಲೆಯೇರಿಕೆ, ಬಸ್ಸಿನ ಸಾಲು, ನೀರಿನ ಕೊರತೆ, ಮಂತ್ರಿಗಳ ಭಾಷಣ, ಎಲ್ಲವನ್ನೂ ಅಳೆಯುವ ಮಾನದಂಡವಾಗಿ ಆ ಮನೆಯೇ ನಿಂತಿತು. ನಾವು ಆ ವ್ಯಂಗ್ಯಚಿತ್ರವನ್ನು ನೋಡಿ ಬೆಳೆದವರು. ಅದರ ಬಗ್ಗೆ ಕೊಂಕು ನುಡಿಯುವ ಮನಸ್ಸು ನಮಗಿಲ್ಲ. ಆದರೂ ಧೋತರ, ಕೋಟು, ಸ್ವಂತ ಬಾಗಿಲುಳ್ಳ ಮನೆ ಇದ್ದವನೇ 'ಸಾಮಾನ್ಯ' ಎಂದಾದಾಗ, ಅವನಿಗಿಂತ ಕೆಳಗಿದ್ದ ದೊಡ್ಡ ಸಮೂಹಕ್ಕೆ ಯಾವ ಹೆಸರೂ ಉಳಿಯಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಮುಂಗಡಪತ್ರ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ಬರುವ 'ಒಂದು ಕುಟುಂಬದ ಲೆಕ್ಕಾಚಾರ'ವನ್ನು ನೋಡಿ: ಗಂಡನಿಗೆ ಸಂಬಳ, ಹೆಂಡತಿಗೆ ಸಂಬಳ, ಗೃಹಸಾಲ, ಮಕ್ಕಳ ಶಾಲೆಯ ಶುಲ್ಕ, ಆದಾಯ ತೆರಿಗೆಯ ಉಳಿತಾಯ. ಬ್ಯಾಂಕಿನ ಉದ್ಯೋಗದಲ್ಲಿರುವ ನಮಗೆ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ದಿನಗೂಲಿಯ ಮನೆಯೊಂದರ ಲೆಕ್ಕವನ್ನು ಆ ಪುಟದಲ್ಲಿ ಕಂಡ ನೆನಪು ನಮಗಿಲ್ಲ.

ಶ್ರೀಮಂತ ಕುಟುಂಬದ ಸುದ್ದಿ ಎರಡು ಸಂದರ್ಭಗಳಲ್ಲಿ ಬರುತ್ತದೆ: ಸಂಭ್ರಮದಲ್ಲಿ ಮತ್ತು ಹಗರಣದಲ್ಲಿ. ಸಂಭ್ರಮಕ್ಕಾಗಿ ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳ ನಗರ ಪುರವಣಿಗಳಲ್ಲಿ ಮೂರನೆಯ ಪುಟವೇ ಮೀಸಲಾಗಿ, 'ಪೇಜ್ ಥ್ರೀ' ಎಂಬುದು ಒಂದು ಜೀವನಶೈಲಿಯ ಹೆಸರಾಯಿತು. 2005ರಲ್ಲಿ ಮಧುರ್ ಭಂಡಾರ್ಕರ್ ಅದೇ ಹೆಸರಿನ ಚಿತ್ರ ಮಾಡಿದರು. ಅದಕ್ಕೂ ಮೊದಲೇ, 2003ರಲ್ಲಿ, ಟೈಮ್ಸ್ ಸಮೂಹವು 'ಮೀಡಿಯಾನೆಟ್' ಎಂಬ ವ್ಯವಸ್ಥೆಯ ಮೂಲಕ ಪುರವಣಿಗಳ ಬರಹದ ಜಾಗವನ್ನೇ ಹಣಕ್ಕೆ ಒದಗಿಸತೊಡಗಿತ್ತು. ಅಂದರೆ ಔತಣಕೂಟದಲ್ಲಿ ನಗುತ್ತ ನಿಂತ ಕುಟುಂಬದ ಚಿತ್ರ ಸುದ್ದಿಯೋ ಜಾಹೀರಾತೋ ಎಂದು ತಿಳಿಯಲು ಓದುಗನಿಗೆ ದಾರಿಯೇ ಉಳಿಯಲಿಲ್ಲ. 2024ರ ಜುಲೈಯಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ನಡೆದ ಅಂಬಾನಿ ಮನೆತನದ ವಿವಾಹವನ್ನು ಮಾಧ್ಯಮಗಳು ಉಡುಗೆ, ಊಟ, ಅತಿಥಿ, ಒಡವೆಗಳ ಸಮೇತ ದಿನಗಟ್ಟಲೆ ಬಿತ್ತರಿಸಿದವು. ಅದಕ್ಕಾಗಿ ಮಾಡಿದ ರಸ್ತೆ ಸಂಚಾರ ಬದಲಾವಣೆಯಿಂದ ಮನೆ ತಲುಪಲು ತಡವಾದವರ ಅಳಲು ಆ ವೈಭವದ ನಡುವೆ ಎಲ್ಲೋ ಮೂಲೆಯಲ್ಲಿತ್ತು.

ಇದೇ ವಿಷಯದಲ್ಲಿ ಪಿ. ಸಾಯಿನಾಥ್ ಅವರು ಹೇಳುತ್ತ ಬಂದ ಒಂದು ಸಂಗತಿಯುಂಟು. 2006ರಲ್ಲಿ ಮುಂಬಯಿಯ ಫ್ಯಾಷನ್ ಸಪ್ತಾಹವೊಂದನ್ನು ವರದಿ ಮಾಡಲು ಐನೂರಕ್ಕೂ ಹೆಚ್ಚು ಪತ್ರಕರ್ತರು ನೋಂದಾಯಿಸಿಕೊಂಡಿದ್ದರು. ಅಲ್ಲಿ ಪ್ರದರ್ಶಿತವಾದದ್ದು ಹತ್ತಿಯ ಉಡುಪು. ಅದೇ ಹೊತ್ತಿಗೆ ಹತ್ತಿ ಬೆಳೆಯುವ ವಿದರ್ಭದಲ್ಲಿ ರೈತರು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು; ಅದನ್ನು ವರದಿ ಮಾಡಲು ಹೊರಗಿನಿಂದ ಹೋದ ಪತ್ರಕರ್ತರು ಬೆರಳೆಣಿಕೆಯಷ್ಟು.

ಹಗರಣದ ಮಾತಿಗೆ 2015ನೆಯ ಇಸವಿಯೇ ಸಾಕು. ಆ ವರ್ಷದ ಜೂನ್ ತಿಂಗಳಿನಲ್ಲಿ ಮಲಾಡಿನ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಬಹುತೇಕರು ಕೂಲಿಕಾರರು, ಸಂಸಾರವಂದಿಗರು. ಆಗಸ್ಟ್‌ನಲ್ಲಿ ಶೀನಾ ಬೋರಾ ಕೊಲೆ ಪ್ರಕರಣ ಬಯಲಾಯಿತು. ಮಾಧ್ಯಮ ಲೋಕದ ಒಂದು ಪ್ರತಿಷ್ಠಿತ ದಂಪತಿಯ ಹೆಸರು ಅದರಲ್ಲಿ ಕೇಳಿಬಂತು. ವಾಹಿನಿಗಳು ಆ ಕುಟುಂಬದ ವಂಶವೃಕ್ಷವನ್ನೇ ತೆರೆಯ ಮೇಲೆ ಬಿಡಿಸಿ, ಯಾರು ಯಾರ ಮಗಳು, ಯಾರು ಯಾರ ಹಿಂದಿನ ಪತಿ ಎಂದು ತಿಂಗಳುಗಟ್ಟಲೆ ಪಾಠ ಹೇಳಿದವು. ಒಬ್ಬ ತರುಣಿಯ ಸಾವಿನ ಹಿಂದಿನ ಬಾಂಧವ್ಯಗಳು ನಾಡಿಗೆಲ್ಲ ಕಂಠಪಾಠವಾದವು. ಮಾಲವಣಿಯ ನೂರು ಮನೆಗಳ ವಿಧವೆಯರು ಅನಂತರ ಹೇಗೆ ಬದುಕಿದರೆಂಬುದು ಅಪರೂಪಕ್ಕೊಮ್ಮೆ ಬರುವ ವಾರ್ಷಿಕ ಸ್ಮರಣೆಯ ವರದಿಗೆ ಸೀಮಿತವಾಯಿತು. ಹಾಗೆಂದು ಶ್ರೀಮಂತರಿಗೆ ಇದರಿಂದ ಲಾಭವೇ ಆಯಿತೆನ್ನಲಾಗದು. 2020ರಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ನಿಧನದ ನಂತರ ವಾಹಿನಿಗಳು ನಡೆಸಿದ ವಿಚಾರಣೆ ಎಷ್ಟು ಅತಿರೇಕಕ್ಕೆ ಹೋಯಿತೆಂದರೆ, 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ 'ಮಾಧ್ಯಮ ವಿಚಾರಣೆ' ನ್ಯಾಯದಾನಕ್ಕೆ ಅಡ್ಡಿಯಾಗುತ್ತದೆಂದು ಹೇಳಿ, ತನಿಖೆ ನಡೆಯುತ್ತಿರುವ ಪ್ರಕರಣಗಳಲ್ಲಿ ಸಂಯಮ ಪಾಲಿಸುವಂತೆ ಸೂಚಿಸಬೇಕಾಯಿತು. ಉಳ್ಳವರಿಗೂ ಮಾನಹಾನಿಯುಂಟು. ವ್ಯತ್ಯಾಸವೆಂದರೆ ಅವರಿಗೆ ವಕೀಲರಿದ್ದಾರೆ.

ಇಲ್ಲದವರ ಮನೆಗೆ ಕ್ಯಾಮೆರಾ ಹೊಕ್ಕಾಗ ಏನಾಗುತ್ತದೆ ಎಂಬುದಕ್ಕೆ 2009ರ ಒಂದು ಪ್ರಸಂಗವನ್ನು ನೆನೆಯಬಹುದು. 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರಕ್ಕೆ ಆಸ್ಕರ್ ಬಂದು ಎರಡು ತಿಂಗಳಾಗಿತ್ತು. ಅದರ ಬಾಲನಟಿಯೊಬ್ಬಳ ಕುಟುಂಬ ಬಾಂದ್ರಾ ಪೂರ್ವದ ಗರೀಬ್ ನಗರದ ಜೋಪಡಿಯಲ್ಲಿತ್ತು. ಬ್ರಿಟನ್ನಿನ 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆಯವರು ಸಿರಿವಂತ ಅರಬರ ಸೋಗಿನಲ್ಲಿ ಬಂದು, ಮಗುವನ್ನು ದತ್ತು ಕೊಡುವ ಮಾತು ತೆಗೆದು, ತಂದೆ ಮಗಳನ್ನು ಮಾರಲು ಹೊರಟನೆಂದು ಪ್ರಕಟಿಸಿದರು. ತಂದೆ ಅದನ್ನು ನಿರಾಕರಿಸಿದ. ಪೊಲೀಸರು ವಿಚಾರಿಸಿ, ಆರೋಪಕ್ಕೆ ಆಧಾರ ಕಾಣಲಿಲ್ಲವೆಂದರು. ಅಷ್ಟರಲ್ಲಿ ಆ ಹುಡುಗಿಯ ತಾಯಿ ಮತ್ತು ಮಲತಾಯಿ ಬೀದಿಯಲ್ಲಿ ಕೈಕೈ ಮಿಲಾಯಿಸಿದ ದೃಶ್ಯ ಜಗತ್ತಿನ ದೂರದರ್ಶನಗಳಲ್ಲೆಲ್ಲ ಓಡಿಯಾಗಿತ್ತು. ಮುಂದಿನ ತಿಂಗಳು ಆ ಜೋಪಡಿಯನ್ನು ಅಧಿಕಾರಿಗಳು ಕೆಡವಿದಾಗಲೂ ಕ್ಯಾಮೆರಾಗಳು ಅಲ್ಲಿದ್ದವು. ಬಡವನಾದ ತಂದೆ ಮಗಳನ್ನು ಮಾರಿಯಾನು ಎಂಬ ಮಾತನ್ನು ಓದುಗರು ನಂಬಲು ಸಿದ್ಧರಿದ್ದರೆಂಬುದೇ ಆ ವರದಿಯ ಬಂಡವಾಳ. 2011ರ ಜುಲೈಯಲ್ಲಿ ಆ ಪತ್ರಿಕೆ ಬೇರೊಂದು ಕಾರಣಕ್ಕೆ, ದೂರವಾಣಿ ಕದ್ದಾಲಿಸಿದ ಹಗರಣದಲ್ಲಿ, ಮುಚ್ಚಿತು.

2008ರ ನವೆಂಬರ್ 26ರ ದಾಳಿಯ ಸಂದರ್ಭವನ್ನೂ ಇಲ್ಲಿ ಹೇಳಬೇಕು. ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ 58 ಮಂದಿ ಹತರಾದರು. ಗಂಟುಮೂಟೆಗಳೊಡನೆ ಊರಿಗೆ ಹೊರಡುವ ರೈಲಿಗಾಗಿ ಕಾದಿದ್ದ ಸಂಸಾರಗಳು ಅಲ್ಲಿದ್ದವು. ಆದರೆ ಆ ರಾತ್ರಿಯ ಹೆಸರು ಜನಮನದಲ್ಲಿ 'ತಾಜ್' ಎಂದೇ ಉಳಿದಿದೆ. ಹೋಟೆಲುಗಳಲ್ಲಿ ಕಾರ್ಯಾಚರಣೆ ಮೂರು ದಿನ ನಡೆಯಿತು, ನಿಲ್ದಾಣದಲ್ಲಿ ಎಲ್ಲವೂ ಬೇಗ ಮುಗಿಯಿತು, ಆದ್ದರಿಂದ ಕ್ಯಾಮೆರಾ ಹೋಟೆಲಿನ ಮುಂದೆ ನಿಂತಿತೆಂಬ ಸಮಾಧಾನ ನ್ಯಾಯವಾದುದೇ. ಆದರೆ ಕಾರ್ಯಾಚರಣೆ ಮುಗಿದ ಮೇಲಿನ ವಾರಗಳಲ್ಲೂ ಪುಟಗಳನ್ನು ತುಂಬಿದ್ದು ಹೋಟೆಲಿನ ನೆನಪುಗಳೇ. ನಿಲ್ದಾಣದಿಂದ ನಮ್ಮೆಲ್ಲರ ಕಣ್ಣಿನಲ್ಲಿ ಉಳಿದ ಚಿತ್ರ, ಮುಂಬಯಿ ಮಿರರ್ ಪತ್ರಿಕೆಯ ಛಾಯಾಗ್ರಾಹಕ ಸೆಬಾಸ್ಟಿಯನ್ ಡಿಸೋಜಾ ಪ್ರಾಣದ ಹಂಗು ತೊರೆದು ತೆಗೆದದ್ದು, ಕೊಲೆಗಾರನದು.

ಇನ್ನು ದಿನನಿತ್ಯದ ಸಾವು. ಕೋವಿಡ್ ವರ್ಷಗಳನ್ನು ಬಿಟ್ಟರೆ, 2024ರವರೆಗೂ ಮುಂಬಯಿಯ ಉಪನಗರ ರೈಲು ಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಹಳಿ ದಾಟುವಾಗಲೋ ಗಾಡಿಯಿಂದ ಬಿದ್ದೋ ಸಾಯುತ್ತಿದ್ದರು. ಇವುಗಳಲ್ಲಿ ಹೆಚ್ಚಿನವು ಎ.ಡಿ.ಆರ್. ಎಂದು ಪೊಲೀಸರು ಕರೆಯುವ ಅಪಘಾತ ಮರಣದ ದಾಖಲೆಯಲ್ಲಿಯೇ ಮುಗಿದು, ಪತ್ರಿಕೆಗೆ ಬರುವುದು ವರ್ಷದ ಕೊನೆಯ ಅಂಕಿಅಂಶವಾಗಿ.

ಕಮಲಾ ಮಿಲ್ಸ್ ಎಂಬ ಹೆಸರನ್ನು ಮೇಲೆ ಹೇಳಿದೆವು. ಅದು ಒಂದು ಕಾಲಕ್ಕೆ ನಿಜವಾಗಿಯೂ ಬಟ್ಟೆಯ ಗಿರಣಿ. ಸುತ್ತಲಿನ ಪ್ರದೇಶ ಗಿರಣಗಾಂವ್. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಪತ್ರಿಕೆಗಳು ಅದನ್ನು ನಾಯಕ ಮತ್ತು ಮಾಲೀಕರ ಕಾಳಗವಾಗಿ ಬರೆದವು. ಚಾಳಿನ ಕೋಣೆಯಲ್ಲಿ ಪಾತ್ರೆ ಪಡಗ ಅಡವಿಟ್ಟ ಮನೆಗಳು, ಶಾಲೆ ಬಿಟ್ಟ ಮಕ್ಕಳು, ಖಾನಾವಳಿ ನಡೆಸಿ ಸಂಸಾರ ತೂಗಿಸಿದ ಹೆಂಗಸರು, ಇವರೆಲ್ಲರ ಮಾತು ಸುವ್ಯವಸ್ಥಿತವಾಗಿ ದಾಖಲಾದದ್ದು ಪತ್ರಿಕೆಯಲ್ಲಲ್ಲ. ಮೀನಾ ಮೆನನ್ ಮತ್ತು ನೀರಾ ಆಡಾರಕರ್ ಅವರು 2004ರಲ್ಲಿ ಗಿರಣಗಾಂವದ ನೂರು ದನಿಗಳನ್ನು ಕಲೆಹಾಕಿ ತಂದ ಗ್ರಂಥದಲ್ಲಿ ಅವು ಸಿಗುತ್ತವೆ. ಕನ್ನಡದಲ್ಲಿಯೂ ಮುಂಬಯಿಯ ದುಡಿಯುವ ಮನೆಗಳ ಒಳಗನ್ನು ತೋರಿಸಿದವರು ಸುದ್ದಿಗಾರರಿಗಿಂತ ಕತೆಗಾರರು. ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾದಂಬರಿಗೆ 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದನ್ನೂ, ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಸಾಲಿನ ಡಿ.ಎಸ್.ಸಿ. ಬಹುಮಾನ ಸಂದುದನ್ನೂ ನಮ್ಮ ಓದುಗರು ಬಲ್ಲರು.

ಕಾನೂನಿನ ಕಡೆಯಿಂದ ದೊರೆಯುವ ರಕ್ಷಣೆ ಅಲ್ಪ. 1978ರ ಕಾಯಿದೆಯಂತೆ ರಚಿತವಾದ ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆಯ ಸೂತ್ರಗಳು ಖಾಸಗಿ ಬದುಕನ್ನು ಗೌರವಿಸಬೇಕೆಂದು ಹೇಳುತ್ತವೆ. ಆದರೆ ಮಂಡಳಿಗೆ ಛೀಮಾರಿ ಹಾಕುವ ಅಧಿಕಾರವುಂಟೇ ಹೊರತು ದಂಡ ವಿಧಿಸುವ ಅಧಿಕಾರವಿಲ್ಲ. ದೂರು ಬರೆದು ಕಳುಹಿಸಬಲ್ಲವನು ಓದುಬರಹ ಬಲ್ಲವನೇ ಆಗಿರಬೇಕು ತಾನೆ.

ಇಷ್ಟೆಲ್ಲ ಇಂಗ್ಲಿಷ್ ಪತ್ರಿಕೆ, ಹಿಂದಿ ವಾಹಿನಿಗಳ ಮಾತಾಯಿತು. ಕನ್ನಡಕ್ಕೆ ಬಂದರೆ ನಮ್ಮ ಭಾಷೆಯ ವ್ಯಾಕರಣವೇ ವರ್ಗವನ್ನು ಬಿಟ್ಟುಕೊಡುತ್ತದೆ. ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ ಕ್ರಿಯಾಪದದಲ್ಲಿ ಸಾಯಬಹುದು; ಕನ್ನಡದಲ್ಲಿ ಹಾಗಿಲ್ಲ. ಉದ್ಯಮಿ 'ನಿಧನರಾದರು', ಮಠಾಧೀಶರು 'ಲಿಂಗೈಕ್ಯರಾದರು' ಇಲ್ಲವೆ 'ಬೃಂದಾವನಸ್ಥರಾದರು', ಗುಮಾಸ್ತರು 'ತೀರಿಕೊಂಡರು', ಕೂಲಿಯಾಳು 'ಸಾವನ್ನಪ್ಪಿದ್ದಾನೆ'. ಒಬ್ಬರಿಗೆ 'ಪತ್ನಿ, ಪುತ್ರ, ಪುತ್ರಿ ಹಾಗೂ ಅಪಾರ ಬಂಧುಬಳಗ'. ಇನ್ನೊಬ್ಬನಿಗೆ 'ಹೆಂಡತಿ ಮಕ್ಕಳು', ಅದೂ ಸುದ್ದಿಗಾರನಿಗೆ ಬಿಡುವಿದ್ದರೆ. ಒಬ್ಬರದು 'ನಿವಾಸ', ಮತ್ತೊಬ್ಬರದು 'ಮನೆ', ಮೂರನೆಯವನದು 'ಜೋಪಡಿ'. ಕಟ್ಟಡದಿಂದ ಬಿದ್ದ ಕೂಲಿಯ ಹೆಣ್ಣುಮಗಳು 'ಮಹಿಳೆಯೋರ್ವಳು'. ಅದೇ ಕಟ್ಟಡದ ಮಾಲೀಕರ ಮನೆಯವರು ಸಣ್ಣ ಅಪಘಾತಕ್ಕೆ ಸಿಕ್ಕಿದರೂ 'ಶ್ರೀಮತಿ' ಮತ್ತು ಬಹುವಚನ. ಗಂಡಹೆಂಡಿರ ಜಗಳ ಫ್ಲಾಟಿನಲ್ಲಿ ನಡೆದರೆ 'ಕೌಟುಂಬಿಕ ಭಿನ್ನಾಭಿಪ್ರಾಯ', ಜೋಪಡಿಯಲ್ಲಿ ನಡೆದರೆ 'ಕುಡಿದ ಮತ್ತಿನಲ್ಲಿ ಕಲಹ'. ಇದನ್ನು ಯಾರೂ ಬೇಕೆಂದು ಬರೆಯುವುದಿಲ್ಲ. ಮೇಜಿನ ಮುಂದೆ ಕುಳಿತವನ ಕೈಯಿಂದ ತಾನಾಗಿ ಬರುತ್ತದೆ; ನಾವೂ ಸಂಘದ ವರದಿಗಳನ್ನು ಬರೆಯುವಾಗ ಹಾಗೆಯೇ ಬರೆದಿದ್ದೇವೆ.

ಮುಂಬಯಿ ಕನ್ನಡಿಗರಿಗೆ ತಮ್ಮವೇ ಆದ ಪತ್ರಿಕೆಗಳಿವೆ. 'ಕರ್ನಾಟಕ ಮಲ್ಲ' ಇಲ್ಲಿಂದಲೇ ಹೊರಡುವ ದೈನಿಕ. 'ಉದಯವಾಣಿ'ಗೆ ಮುಂಬಯಿ ಆವೃತ್ತಿಯಿದೆ. ಮೈಸೂರು ಅಸೋಸಿಯೇಷನ್ನಿನ 'ನೇಸರು', ಬಿಲ್ಲವರ ಅಸೋಸಿಯೇಷನ್ನಿನ 'ಅಕ್ಷಯ', ಬಂಟರ ಸಂಘದ 'ಬಂಟರವಾಣಿ', 'ಮೊಗವೀರ' ಮುಂತಾದ ಸಂಘಸಂಸ್ಥೆಗಳ ಪತ್ರಿಕೆಗಳು ನಮ್ಮ ಬದುಕಿನ ದಾಖಲೆಗಳಾಗಿವೆ. ಇಂಗ್ಲಿಷ್ ಪತ್ರಿಕೆಗಳ ಕಣ್ಣಿಗೆ ಬೀಳದ ಸಾವಿರಾರು ಕುಟುಂಬಗಳ ಮದುವೆ, ಷಷ್ಟ್ಯಬ್ದಿ, ಶ್ರದ್ಧಾಂಜಲಿ, ವಿದ್ಯಾರ್ಥಿವೇತನಗಳು ಇವುಗಳಲ್ಲಿ ಸ್ಥಾನ ಪಡೆದುದು ಸಣ್ಣ ಸೇವೆಯೇನಲ್ಲ. ಕರಾವಳಿಯಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರ ಕತೆ ಈ ಪುಟಗಳಲ್ಲಿಯೇ ಉಳಿದಿದೆ. 1942ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಸಂಸ್ಥೆಗಳ ಹಿನ್ನೆಲೆಯನ್ನು ನಮ್ಮವರು ಹೆಮ್ಮೆಯಿಂದ ಬರೆಯುತ್ತಾರೆ. ಆದರೆ ತಟ್ಟೆ ತೊಳೆಯುತ್ತಿದ್ದ ಹುಡುಗ ಸುದ್ದಿಯಾದದ್ದು ಮಾಲೀಕನಾದ ಮೇಲೆ. ಕೊನೆಯವರೆಗೂ ತಟ್ಟೆ ತೊಳೆದು, ವರ್ಷಕ್ಕೊಮ್ಮೆ ಊರಿಗೆ ಹೋಗಿಬಂದು, ಒಂದು ದಿನ ಹೋಟೆಲಿನ ಅಟ್ಟದ ಮೇಲೆಯೇ ಕಣ್ಣುಮುಚ್ಚಿದವರೂ ಇದ್ದರು.

ಇದಕ್ಕಿಂತ ದೊಡ್ಡ ಮೌನ ಉತ್ತರ ಕರ್ನಾಟಕದವರ ವಿಷಯದ್ದು. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಗುಳೆ ಬಂದು, ಉಪನಗರಗಳ ನಾಕಾಗಳಲ್ಲಿ ಬೆಳಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವ ಗಂಡಹೆಂಡಿರು ಮನೆಯಲ್ಲಿ ಆಡುವುದು ಕನ್ನಡ. ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳು ಬಹಳಷ್ಟು ಮಟ್ಟಿಗೆ ಬದುಕಿರುವುದು ಇವರ ಮಕ್ಕಳಿಂದ. ಹೊರನಾಡಿನಲ್ಲಿ ಕನ್ನಡ ಉಳಿಸುವ ಬಗ್ಗೆ ನಾವು ಗೋಷ್ಠಿಗಳನ್ನು ನಡೆಸುತ್ತೇವೆ. ಗೋಷ್ಠಿಯ ವರದಿಯಲ್ಲಿ ಅಧ್ಯಕ್ಷರು, ಅವರ ಧರ್ಮಪತ್ನಿ, ಹೂಗುಚ್ಛ ಕೊಟ್ಟವರು, ವಂದನಾರ್ಪಣೆ ಮಾಡಿದವರು ಎಲ್ಲರ ಹೆಸರೂ ಇರುತ್ತದೆ. ಕನ್ನಡವನ್ನು ದಿನವೂ ಮಾತನಾಡುವ ನಾಕಾದ ಕುಟುಂಬ ಅದೇ ಪತ್ರಿಕೆಯಲ್ಲಿ ಬರುವುದು ಗೋಡೆ ಕುಸಿದಾಗ, ಇಲ್ಲವೆ ದಾನಿಗಳು ನೋಟುಪುಸ್ತಕ ಹಂಚುವ ಚಿತ್ರದಲ್ಲಿ. ಆ ಚಿತ್ರದಲ್ಲಿ ದಾನಿಗಳ ಹೆಸರು ಎಡದಿಂದ ಬಲಕ್ಕೆ ಬರೆದಿರುತ್ತದೆ. ಮಕ್ಕಳು 'ವಿದ್ಯಾರ್ಥಿಗಳು' ಮಾತ್ರ.

ಒಂದು ಅಪವಾದವುಂಟು. ಪ್ರತಿ ವರ್ಷ ಎಸ್.ಎಸ್.ಸಿ. ಫಲಿತಾಂಶ ಬಂದ ವಾರ ನಮ್ಮ ಪತ್ರಿಕೆಗಳಲ್ಲಿ ಅಂಚೆಚೀಟಿಯಷ್ಟು ಚಿಕ್ಕ ಭಾವಚಿತ್ರಗಳು ಸಾಲುಸಾಲಾಗಿ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಹೆಚ್ಚು ಅಂಕ ಗಳಿಸಿದ ಹುಡುಗಿಯ ಚಿತ್ರದ ಕೆಳಗೆ ಶಾಲೆಯ ಹೆಸರು, ಶೇಕಡಾ ಅಂಕ, ಊರು, ತಾಲೂಕು, ಆಮೇಲೆ 'ಇವರು ಶ್ರೀ ... ಮತ್ತು ಶ್ರೀಮತಿ ... ದಂಪತಿಯ ಸುಪುತ್ರಿ' ಎಂದಿರುತ್ತದೆ. ನಾಕಾದಲ್ಲಿ ಸಿಮೆಂಟಿನ ಬುಟ್ಟಿ ಹೊರುವ ತಂದೆತಾಯಿಗಳ ಪೂರ್ಣ ಹೆಸರು, ಬಹುವಚನದ ಗೌರವದೊಡನೆ, ಆ ಒಂದು ವಾರ ಅಚ್ಚಾಗುತ್ತದೆ.